ನವೆಂಬರ್ 1ಕ್ಕೆ ನಮ್ ಬ್ಯಾಂಡ್‌ದು ಮೊದಲ್ನೇ ಸ್ಟೇಜ್ ಶೋ, ಈಗ್ಲೇ ಕೈ ಕಾಲು ತಣ್ಣಗಾಗ್ತಿದೆ

ಎಫ್_ಕಾರ್ಡ್_ಬರಲ್ಲ | ಅಕ್ಟೋಬರ್ 13, ರಾತ್ರಿ 11:40

ಎಲ್ರಿಗೂ ನಮಸ್ಕಾರ. ನಾವು ಹಾಸನದವ್ರು, ಐದ್ ಜನ. ನಾನು ಹಾಡೋದು ಜೊತೆಗೆ ಅಕೌಸ್ಟಿಕ್ ಗಿಟಾರ್, ಇನ್ನೊಬ್ಬ ಲೀಡು, ಒಬ್ಬ ಬೇಸು, ಒಬ್ಬ ಡ್ರಮ್ಸು, ಇನ್ನೊಬ್ಬ ಕೊಳಲು. ಒಂದೂವರೆ ವರ್ಷದಿಂದ ಶನಿವಾರ ಭಾನುವಾರ ಡ್ರಮ್ಮರ್ ಮನೆ ಮಹಡಿ ಮೇಲಿರೋ ಶೀಟ್ ರೂಮಲ್ಲಿ ಪ್ರಾಕ್ಟೀಸ್ ಮಾಡ್ತಾ ಇದೀವಿ. ಯಾರ್ ಮುಂದೆನೂ ನುಡಿಸಿಲ್ಲ. ಈಗ ನಮ್ ಬಡಾವಣೆ ರಾಜ್ಯೋತ್ಸವಕ್ಕೆ ಪಾರ್ಕ್ ಪಕ್ಕದ ಸ್ಟೇಜಲ್ಲಿ ಅರ್ಧ ಗಂಟೆ ಕೊಟ್ಟಿದಾರೆ, ಆರು ಹಾಡು. ನಾಲ್ಕು ಎಲ್ರಿಗೂ ಗೊತ್ತಿರೋವು, ಎರಡು ನಮ್ದೇ.

ಪ್ರಾಬ್ಲಮ್ ಏನಂದ್ರೆ ಮೊನ್ನೆ ಡ್ರಮ್ಮರ್ ಚಿಕ್ಕಪ್ಪ ಚಿಕ್ಕಮ್ಮ ಸುಮ್ನೆ ಕೇಳೋಣ ಅಂತ ಮೇಲ್ ಬಂದು ಕೂತ್ರು, ಬರೀ ಇಬ್ರು, ಅಷ್ಟಕ್ಕೇ ನಂಗೆ ಎರಡನೇ ಚರಣ ಪೂರ್ತಿ ಮರ್ತೋಯ್ತು. ಗಂಟ್ಲು ಕಟ್ಕೊಂಡ್ ಬಿಡ್ತು, ಬೆರಳು ಐಸ್ ಥರ, ನೂರಾರು ಸಲ ಹಾಡಿರೋ ಹಾಡು ಕಣ್ರೀ. ಅವ್ರು ಚೆನ್ನಾಗಿತ್ತು ಅಂದ್ರು ಅದು ಬೇರೆ ಮಾತು.

ನವೆಂಬರ್ 1ಕ್ಕೆ ಮೊದಲ್ನೇ ಸಾಲಲ್ಲಿ ನಮ್ಮಪ್ಪ ಇರ್ತಾರೆ, ಈ ಗಿಟಾರ್ ಗೀಳು ಯಾವತ್ತು ಬಿಡ್ತೀಯ ಅಂತ ದಿನಾ ಕೇಳೋರು. ಹೈಸ್ಕೂಲ್ ಕನ್ನಡ ಮೇಷ್ಟ್ರು ಇರ್ತಾರೆ. ಇನ್ನು 19 ದಿನ. ರಾತ್ರಿ ಮಲಗಿದ್ರೆ ಕಣ್ಮುಂದೆ ಬರೀ ಪ್ಲಾಸ್ಟಿಕ್ ಚೇರ್‌ಗಳು. ನೀವೆಲ್ಲಾ ಹೆಂಗ್ ನಿಭಾಯಿಸಿದ್ರಿ ಹೇಳಿ. "ಧೈರ್ಯವಾಗಿರು" ಅನ್ನೋದು ಬೇಡ, ಅದನ್ನ ಅಮ್ಮ ಹೇಳ್ತಾ ಇದಾರೆ.

ಒಂದೂವರೆ_ತಾಳ | ಅಕ್ಟೋಬರ್ 14, ಬೆಳಿಗ್ಗೆ 7:05

ಧೈರ್ಯವಾಗಿರು ಮಗಾ.

(ತಮಾಷೆಗೆ. ನಂದು ಮೊದಲ್ನೇ ಶೋನಲ್ಲಿ ಬೆವರಿಗೆ ಡ್ರಮ್ಸ್ ಕೋಲು ಕೈ ಜಾರಿ ಹೋಗಿ ಮುಖ್ಯ ಅತಿಥಿ ಕಾಲ್ ಹತ್ರ ಬಿತ್ತು. ಅವ್ರೇ ಎತ್ಕೊಟ್ರು. ಅವತ್ತಿಂದ ಜೇಬಲ್ಲಿ ಕರ್ಚೀಫು, ಪಕ್ಕದಲ್ಲಿ ಎರಡು ಜೊತೆ ಕೋಲು.)

ಸೌಂಡ್_ಬಾಕ್ಸ್_ಅಣ್ಣ | ಅಕ್ಟೋಬರ್ 14, ಮಧ್ಯಾಹ್ನ 2:20

ನಾನು ಆರ್ಕೆಸ್ಟ್ರಾಗಳಿಗೆ ಸೌಂಡ್ ಹಾಕೋನು, 14 ವರ್ಷ ಆಯ್ತು. ಹೊಸ ಹುಡುಗರು ಸ್ಟೇಜ್ ಹತ್ತಿ ಹೆದರೋದನ್ನ ಸೈಡಲ್ಲಿ ನಿಂತು ಎಷ್ಟ್ ಸಲ ನೋಡಿದೀನೋ ಲೆಕ್ಕ ಇಲ್ಲ, ನಂಗೆ ಅನ್ಸೋದು ಏನಂದ್ರೆ ಅರ್ಧ ಭಯ ಜನರದ್ದಲ್ಲ, ಕಿವಿದು.

ನೀವು ಒಂದೂವರೆ ವರ್ಷ ಶೀಟ್ ರೂಮಲ್ಲಿ ನುಡಿಸಿದೀರ. ಅಲ್ಲಿ ನಾಲ್ಕು ಗೋಡೆ ಸೌಂಡನ್ನ ವಾಪಸ್ ಕೊಡುತ್ತೆ, ಎಲ್ರದ್ದೂ ಎಲ್ರಿಗೂ ಕೇಳುತ್ತೆ. ಪಾರ್ಕ್ ಪಕ್ಕದ ಸ್ಟೇಜಲ್ಲಿ ಗೋಡೆ ಎಲ್ಲಿದೆ? ದೊಡ್ ಬಾಕ್ಸ್ ಎಲ್ಲಾ ಜನರ ಕಡೆ ತಿರುಗಿರುತ್ತೆ. ನಿಮಗೆ ಕೇಳ್ಸೋದು ಹಿಂದಿಂದ ಗುಂ ಅನ್ನೋ ಸದ್ದು, ಡ್ರಮ್ಸು, ಅಷ್ಟೇ. ನಿಮ್ಮ ವಾಯ್ಸ್ ನಿಮಗೇ ಕೇಳಲ್ಲ, ಆಗ ಮನಸ್ಸು ಏನೋ ತಪ್ಪಾಗಿದೆ ಅಂತ ತಿಳ್ಕೊಂಡು ಗಾಬರಿ ಆಗುತ್ತೆ, ಕಿರುಚೋಕೆ ಶುರು ಮಾಡ್ತೀರ, ಮೂರನೇ ಹಾಡಿಗೆ ಗಂಟ್ಲು ಹೋಯ್ತು. ಜನ ಅದನ್ನ ಭಯ ಅಂತಾರೆ, ನಾನು ಮಾನಿಟರ್ ಇಲ್ದಿರೋದು ಅಂತೀನಿ, ಅಂದ್ರೆ ನಿಮ್ ಸೌಂಡ್ ನಿಮಗೇ ಕೇಳ್ಲಿ ಅಂತ ನಿಮ್ ಕಡೆ ತಿರುಗಿಸಿ ಇಡೋ ಬಾಕ್ಸು.

ಅದಕ್ಕೇ ಕಮಿಟಿಯವ್ರ ಹತ್ರ ಸೌಂಡ್‌ನವ್ರ ನಂಬರ್ ಇವತ್ತೇ ಇಸ್ಕೊಳ್ಳಿ. ಮಾನಿಟರ್ ಇದ್ಯಾ ಕೇಳಿ. ಒಂದೇ ಇದ್ರೆ ಅದು ಹಾಡೋರಿಗೆ. ಸಂಜೆ 4ಕ್ಕೆ ಹೋಗಿ, ಜನ ಬಂದ್ ಕೂತ ಮೇಲೆ ಸೌಂಡ್ ಚೆಕ್ ಮಾಡಕ್ಕಾಗಲ್ಲ, ಆಗ ಮೈಕಲ್ಲಿ ಬರೀ ಸ್ವಾಗತ ಭಾಷಣ ಓಡ್ತಿರುತ್ತೆ. "ಹಲೋ ಮೈಕ್ ಚೆಕ್" ಅಂದ್ ಇಳಿದ್ ಬಿಡ್ಬೇಡಿ, ಒಂದು ಹಾಡು ಪೂರ್ತಿ ನುಡಿಸಿ, ಎಲ್ಲಕ್ಕಿಂತ ಜೋರಾಗಿರೋದು ಯಾವ್ದೋ ಅದು. ಆಮೇಲೆ "ಅಣ್ಣ ಮಾನಿಟರ್‌ನಲ್ಲಿ ವಾಯ್ಸ್ ಸ್ವಲ್ಪ ಜಾಸ್ತಿ ಕೊಡಿ" ಅಂತ ಬಾಯ್ ಬಿಟ್ಟು ಕೇಳಿ, ಯಾರೂ ಬಯ್ಯಲ್ಲ. ಮೈಕ್ ತಲೆನ ಅಂಗೈಲಿ ಮುಚ್ಚಿ ಹಿಡೀಬೇಡಿ, ಮಾನಿಟರ್ ಕಡೆ ತಿರುಗಿಸ್ಬೇಡಿ, ಕುಯ್ಯೋ ಅಂತ ಕೂಗುತ್ತೆ. ಕೊಳಲಿನವ್ರಿಗೆ ಹೇಳಿ, ಬಯಲಲ್ಲಿ ಗಾಳಿ ಮೈಕಿಗೆ ಹೊಡೀತದೆ, ಮೈಕಿಗೆ ಸ್ಪಂಜಿನ ಟೊಪ್ಪಿ ತಂದಿರ್ಲಿ.

ಇನ್ನೊಂದು, ಇದು ಯಾರೂ ಹೇಳಲ್ಲ. ರಾಜ್ಯೋತ್ಸವ ಪ್ರೋಗ್ರಾಂನಲ್ಲಿ ನಿಮಗೆ 7:30 ಅಂದಿದ್ರೆ 9 ಅಂತ ತಿಳ್ಕೊಳ್ಳಿ. ಸನ್ಮಾನ, ಶಾಲು, ಹಾರ, ಮಕ್ಕಳ ಡ್ಯಾನ್ಸು, ಆಮೇಲೆ ಎರಡು ಮಾತು ಅಂತ ಎದ್ದು ಇಪ್ಪತ್ತೆರಡು ನಿಮಿಷ ಮಾತಾಡೋರು. ರಾತ್ರಿ 10ಕ್ಕೆ ಮೈಕ್ ಆಫ್ ಆಗ್ಲೇಬೇಕು, 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಅದು, ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಲೌಡ್ ಸ್ಪೀಕರ್ ಇಲ್ಲ. ಅಂದ್ರೆ ನಿಮ್ ಅರ್ಧ ಗಂಟೆ ಹದಿನೈದು ನಿಮಿಷ ಆಗ್ಬೋದು. ಆರ್ರಲ್ಲಿ ಯಾವ್ ಮೂರು ಅಂತ ಈಗ್ಲೇ ತೀರ್ಮಾನ ಮಾಡಿ, ಸ್ಟೇಜ್ ಮೆಟ್ಟಿಲ ಮೇಲೆ ನಿಂತು ಜಗಳ ಆಡ್ಬೇಡಿ. ನೋಡಿದೀನಿ ನಾನು.

ಎಫ್_ಕಾರ್ಡ್_ಬರಲ್ಲ | ಅಕ್ಟೋಬರ್ 14, ಮಧ್ಯಾಹ್ನ 3:02

ಅಣ್ಣ ಇದನ್ನ ಪ್ರಿಂಟ್ ತೆಗೆಸಿ ರೂಮಲ್ಲಿ ಅಂಟಿಸ್ತೀನಿ. ಮಾನಿಟರ್ ಅನ್ನೋದು ಬೇಕು ಅಂತನೇ ನಮಗೆ ಗೊತ್ತಿರ್ಲಿಲ್ಲ.

ಹುಬ್ಬಳ್ಳಿ_ಡಬಲ್_ಬೇಸ್ | ಅಕ್ಟೋಬರ್ 14, ರಾತ್ರಿ 9:48

ನಾ ಡ್ರಮ್ಮರ್ ರೀ. ನಿಮ್ಮ ಡ್ರಮ್ಮರ್‌ಗೆ ಇದನ್ನ ಓದ್ಸ್ರಿ, ಯಾಕಂದ್ರ ಹಾಡಾವ್ರು ಹೆದರಿದ್ರ ಒಬ್ಬರದ ಧ್ವನಿ ನಡಗ್ತದ, ಡ್ರಮ್ಮರ್ ಹೆದರಿದ್ರ ಐದೂ ಮಂದಿ ಓಡಬೇಕಾಗ್ತದ.

ನಮ್ಮ ಕಾಲೇಜ್ ಗ್ಯಾದರಿಂಗ್‌ನಾಗ ಹಿಂಗ ಆಗಿತ್ತು. ಎದಿ ಢವಢವ ಅನ್ನಾಕತ್ತಿತ್ತು, ನಾ ಕೌಂಟ್ ಕೊಟ್ಟೆ ಒನ್ ಟೂ ತ್ರೀ ಫೋರ್, ನನಗ ಅದು ಬರೋಬ್ಬರಿ ಅನಿಸ್ತು, ಆಮ್ಯಾಲೆ ವಿಡಿಯೋ ನೋಡಿದ್ರ ನಿಮಿಷಕ್ಕ 92 ಬೀಟ್ ಇರಬೇಕಾದ ಹಾಡು 115ರ ಮ್ಯಾಲೆ ಹೊಂಟಿತ್ತು. ನಮ್ಮ ಸಿಂಗರ್ ಪಾಪ ಉಸಿರು ತಗೊಳ್ಳಾಕ ಜಾಗಾನ ಇಲ್ಲ, ಬಸ್ಸಿನ ಹಿಂದ ಓಡೋರಂಗ ಹಾಡಾಕತ್ತಿದ್ಲು. ಅಡ್ರಿನಲಿನ್ ಏರಿತಂದ್ರ ಹೊತ್ತಿನ ಅಂದಾಜು ತಪ್ತದ ರೀ, ಎಲ್ಲಾ ನಿಧಾನ ನಡದಂಗ ಅನಸ್ತದ.

ಈಗ ನಾ ಮಾಡೋದು ಇಷ್ಟ. ಫೋನಿನ ಮೆಟ್ರೊನೋಮ್ (ತಾಳದ ವೇಗ ತೋರಸೋ ಆ್ಯಪ್) ಸೌಂಡ್ ಬಂದ್ ಮಾಡಿ ಬರೀ ಬೆಳಕು ಮಿನುಗೋ ಹಂಗ ಹಾಯ್‌ಹ್ಯಾಟ್ ಅನ್ನೋ ಜೋಡಿ ತಟ್ಟಿ ಹತ್ರ ಇಟ್ಕೋತೀನಿ. ಕೌಂಟ್ ಕೊಡೋಕ್ಕಿಂತ ಮೊದಲ ಪಲ್ಲವಿಯ ಒಂದು ಸಾಲು ಮನಸಿನ್ಯಾಗ ಪೂರ್ತಿ ಹಾಡ್ಕೋತೀನಿ, ಜನ ಕಾಯ್ಲಿ ಬಿಡ್ರಿ, ಅವರಿಗೆ ಅದು ನಾಕು ಸೆಕೆಂಡ. ಮತ್ತ ಪ್ರಾಕ್ಟೀಸ್‌ನಾಗ ಒಂದು ಹುಚ್ಚ ಕೆಲಸ ಮಾಡ್ರಿ, ಐದೂ ಮಂದಿ ಮಹಡಿ ಮೆಟ್ಟಲಾ ನಾಕು ಸಲ ಹತ್ತಿ ಇಳದು, ಏದುಸಿರು ಬಿಡ್ಕೋತನ ಮೊದಲನೇ ಹಾಡು ಶುರು ಮಾಡ್ರಿ. ಸ್ಟೇಜ್ ಮ್ಯಾಲೆ ನಿಮ್ಮ ಎದಿ ಹೊಡಕೊಳ್ಳೋದೂ ಹಂಗ ಇರ್ತದ. ಆ ಮೈಯಾಗ ನುಡಿಸೋದು ರೂಢಿ ಆಗ್ಬೇಕು.

ಓದೋ_ಹುಳ | ಅಕ್ಟೋಬರ್ 15, ಬೆಳಿಗ್ಗೆ 10:15

ಹುಬ್ಬಳ್ಳಿಯವ್ರ ಮಾತಿಗೆ ಒಂದು ಸೇರ್ಸ್ತೀನಿ. ಹೆದರಿಕೆಗೂ ಉತ್ಸಾಹಕ್ಕೂ ಮೈಯಲ್ಲಿ ಆಗೋದು ಹೆಚ್ಚೂಕಮ್ಮಿ ಒಂದೇ, ಎದೆ ಹೊಡ್ಕೊಳ್ಳೋದು, ಬೆವರು, ಹೊಟ್ಟೇಲಿ ಕಲಸೋದು. 2014ರಲ್ಲಿ ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ ಅನ್ನೋರು ಜನರನ್ನ ಕರೆಸಿ ಕ್ಯಾರಿಯೋಕೆ ಹಾಡ್ಸಿದ್ರು. ಹಾಡೋ ಮುಂಚೆ ಕೆಲವ್ರಿಗೆ "ನಂಗೆ ಭಯ ಆಗ್ತಿದೆ" ಅಂತ ಬಾಯ್ಬಿಟ್ಟು ಹೇಳಕ್ಕೆ ಹೇಳಿದ್ರು, ಕೆಲವ್ರಿಗೆ "ನಂಗೆ ಸಖತ್ ಜೋಶ್ ಬಂದಿದೆ" ಅನ್ನೋ ಅರ್ಥದ್ದು. ಜೋಶ್ ಅಂದೋರೇ ಚೆನ್ನಾಗಿ ಹಾಡಿದ್ರು, ಸ್ಕೋರ್ ಕೊಟ್ಟಿದ್ದು ಗೇಮ್ ಸಾಫ್ಟ್‌ವೇರು, ಹಂಗಾಗಿ ಪಕ್ಷಪಾತ ಇಲ್ಲ. ಅಂದ್ರೆ ಸಮಾಧಾನ ಮಾಡ್ಕೊಳ್ಳಕ್ಕೆ ಒದ್ದಾಡೋದಕ್ಕಿಂತ ಇರೋ ಕಂಪನಕ್ಕೆ ಬೇರೆ ಹೆಸರು ಇಡೋದು ಸುಲಭ.

ಒಂದೂವರೆ_ತಾಳ | ಅಕ್ಟೋಬರ್ 15, ಬೆಳಿಗ್ಗೆ 10:31

ಹಾಸನದಲ್ಲಿ ಸ್ಟೇಜ್ ಪಕ್ಕ ನಿಂತ್ಕೊಂಡು ಒಬ್ಬನೇ ನಂಗೆ ಜೋಶ್ ಬಂದಿದೆ ಜೋಶ್ ಬಂದಿದೆ ಅಂದ್ರೆ ಮೈಮೇಲೆ ದೇವ್ರು ಬಂತು ಅಂತ ನಿಂಬೆಹಣ್ಣು ತರ್ತಾರೆ.

ಎರಡನೇ_ತಂತಿ | ಅಕ್ಟೋಬರ್ 15, ರಾತ್ರಿ 8:20

ಇಷ್ಟೆಲ್ಲಾ ಯಾಕೆ ಗುರು, ಹತ್ತೋ ಮುಂಚೆ ಒಂದು ಪೆಗ್. ಎಲ್ಲಾ ಆರ್ಕೆಸ್ಟ್ರಾದವ್ರೂ ಮಾಡ್ತಾರೆ. ಇಲ್ಲಾಂದ್ರೆ ಒಂದು ಮಾತ್ರೆ ಇದ್ಯಂತಲ್ಲ, ಫಾರಿನ್‌ನಲ್ಲಿ ಪಿಟೀಲು ನುಡಿಸೋರು ತಗೋತಾರಂತೆ, ಕೈ ನಡುಗಲ್ಲ.

ಸೌಂಡ್_ಬಾಕ್ಸ್_ಅಣ್ಣ | ಅಕ್ಟೋಬರ್ 15, ರಾತ್ರಿ 8:44

ಎಲ್ರೂ ಮಾಡಲ್ಲ. ಮಾಡೋರು ನಾನು ನೋಡಿದೀನಿ, ಶ್ರುತಿ ಬಿಟ್ಟು ಹೋಗಿರುತ್ತೆ, ಅವ್ರಿಗೆ ಮಾತ್ರ ಅದ್ಭುತವಾಗಿ ಕೇಳ್ತಿರುತ್ತೆ. ಪಾರ್ಕಲ್ಲಿ ಮೇಷ್ಟ್ರು ಮುಂದೆ ವಾಸ್ನೆ ಹೊಡ್ಕೊಂಡು ನಿಲ್ತೀರಾ?

ಅಕ್ಕ_ಡಾಕ್ಟ್ರು | ಅಕ್ಟೋಬರ್ 15, ರಾತ್ರಿ 10:10

ಹೆಸರು ನೋಡಿ ಮೋಸ ಹೋಗ್ಬೇಡಿ, ಡಾಕ್ಟ್ರು ನಮ್ಮಕ್ಕ, ನಾನಲ್ಲ. ಆದ್ರೆ ಈ ಮೆಸೇಜ್ ಅವ್ಳಿಗೆ ತೋರಿಸ್ದೆ, ಬೈದ್ಲು. ಅವ್ರು ಹೇಳ್ತಿರೋ ಮಾತ್ರೆ ಪ್ರೊಪ್ರನೊಲಾಲ್ ಇರ್ಬೇಕು, ಬೀಟಾ ಬ್ಲಾಕರ್. ಮೂಲ ಬಿಪಿ, ಹಾರ್ಟಿಂದು. ಅಡ್ರಿನಲಿನ್‌ನ ಕೆಲಸ ತಡೆಯುತ್ತೆ, ಅದಕ್ಕೇ ಕೈ ನಡುಕ ಎದೆಬಡಿತ ಕಮ್ಮಿ ಆಗುತ್ತೆ, ಕೆಲವ್ರಿಗೆ ಡಾಕ್ಟ್ರೇ ಬರ್ಕೊಡೋದೂ ಉಂಟು. ಆದ್ರೆ ಆಸ್ತಮಾ ಇರೋರು ತಗೊಂಡ್ರೆ ಶ್ವಾಸನಾಳ ಬಿಗಿದು ಜೀವಕ್ಕೇ ಕುತ್ತು ಬರ್ಬೋದು. ಫ್ರೆಂಡ್ ಹತ್ರ ಅರ್ಧ ಮಾತ್ರೆ ಇಸ್ಕೊಂಡು ಹಾಕ್ಕೊಳ್ಳೋ ವಿಷಯ ಅಲ್ಲ ಇದು.

ಎಫ್_ಕಾರ್ಡ್_ಬರಲ್ಲ | ಅಕ್ಟೋಬರ್ 15, ರಾತ್ರಿ 10:26

ನಮ್ ಬೇಸ್ ನುಡಿಸೋನು ಜೇಬಲ್ಲಿ ಇನ್‌ಹೇಲರ್ ಇಟ್ಕೊಂಡೇ ಓಡಾಡೋದು. ಮಾತ್ರೆ ಕಥೆ ಇಲ್ಲಿಗೆ ಮುಗೀತು. ಪೆಗ್ ಕಥೆನೂ, ನಮ್ಮಪ್ಪ ಮೊದಲ್ನೇ ಸಾಲಲ್ಲಿ ಇರ್ತಾರೆ ಅಂದೆನಲ್ಲ.

ಕರಾವಳಿ_ಕಾಪಿ | ಅಕ್ಟೋಬರ್ 16, ಬೆಳಿಗ್ಗೆ 6:50

ಎಲ್ಲರೂ ಹೆದರದ ಹಾಗೆ ಮಾಡುದು ಹೇಗೆ ಅಂತ ಹೇಳ್ತಿದ್ದೀರಿ, ನಾನು ಬೇರೆ ಹೇಳ್ತೇನೆ ಮಾರ್ರೆ. ಹೆದರಿ ಮರ್ತು ಹೋದ ಮೇಲೆ ಎಂತ ಮಾಡುದು ಅಂತ ನೀವು ಪ್ರಾಕ್ಟೀಸ್ ಮಾಡಿದ್ದೀರಾ?

ನಮ್ಮಲ್ಲಿ ಯಕ್ಷಗಾನದಲ್ಲಿ ಹೊಸಬರನ್ನು ಸೀದಾ ಅರ್ಜುನನ ವೇಷ ಹಾಕಿಸಿ ದೂಡುದಿಲ್ಲ. ಮೊದಲು ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ, ಹೀಗೆ. ಪ್ರಸಂಗ ಇನ್ನೂ ಶುರುವೇ ಆಗಿರುದಿಲ್ಲ, ಜನ ಚಾ ಕುಡೀತಾ ಚಾಪೆ ಹಾಸಿ ಜಾಗ ಮಾಡ್ಕೊಳ್ತಾ ಇರ್ತಾರೆ, ಹುಡುಗರಿಗೆ ಲೈಟಿನ ಎದುರು ನಿಂತು ಅಭ್ಯಾಸ ಆಗ್ಲಿಕ್ಕೆ ಅದೇ ಶಾಲೆ. ನನ್ನ ಮೊದಲನೇ ಸಲ ನಾನು 12 ವರ್ಷದವ, ಕೋಡಂಗಿ. ರಂಗಸ್ಥಳಕ್ಕೆ ಬಂದದ್ದೇ ಕಾಲು ಮರ ಆಯ್ತು. ಕುಣಿತ ಎಲ್ಲ ಖಾಲಿ. ಭಾಗವತರು ಎಂತ ಮಾಡಿದ್ರು ಗೊತ್ತುಂಟಾ, ನನ್ನ ಮುಖ ನೋಡಿದ್ರು, ಅದೇ ಸಾಲನ್ನು ಇನ್ನೊಂದು ಸಲ ಎತ್ತಿದ್ರು, ಚೆಂಡೆಯವರು ಒಂದು ಮುಕ್ತಾಯ ಜಾಸ್ತಿ ಬಾರಿಸಿದ್ರು, ಅಷ್ಟರಲ್ಲಿ ನನಗೆ ನೆನಪಾಯ್ತು. ಕೂತವರಿಗೆ ಯಾರಿಗೂ ಗೊತ್ತೇ ಆಗ್ಲಿಲ್ಲ.

ಈಗ ಹೇಳಿ, ನಿಮ್ಮ ಐದು ಜನರಲ್ಲಿ ಭಾಗವತರು ಯಾರು? ನೀವು ಚರಣ ಮರ್ತರೆ ಯಾರ ಮುಖ ನೋಡ್ತೀರಿ? ಅವರು ಎಂತ ಮಾಡ್ತಾರೆ? ಇದು ಮೊದಲೇ ಮಾತಾಗಿ ಇರ್ಬೇಕು. ಬೇಕಂತಲೇ ತಪ್ಪು ಮಾಡಿ ಅಭ್ಯಾಸ ಮಾಡಿ, ಒಬ್ಬರು ನಡುವಲ್ಲಿ ಸುಮ್ಮನೆ ನಿಲ್ಲಿಸಿಬಿಡುದು, ಉಳಿದವರು ಅದನ್ನು ಮುಚ್ಚುದು. ಹಾಡು ನೂರು ಸಲ ಸರಿ ನುಡಿಸಿದವರಿಗೆ ತಪ್ಪಿದ ಮೇಲೆ ಎಂತ ಮಾಡ್ಬೇಕು ಗೊತ್ತಿರುದಿಲ್ಲ, ಅದಕ್ಕೇ ಅವರಿಗೆ ಹೆದರಿಕೆ ಜಾಸ್ತಿ.

ಎಫ್_ಕಾರ್ಡ್_ಬರಲ್ಲ | ಅಕ್ಟೋಬರ್ 16, ಬೆಳಿಗ್ಗೆ 9:12

ಇದನ್ನ ಓದಿ ಐದೂ ಜನ ಗ್ರೂಪಲ್ಲಿ ಅರ್ಧ ಗಂಟೆ ಸೈಲೆಂಟ್. ನಮ್ಮಲ್ಲಿ ಭಾಗವತರೇ ಇಲ್ಲ. ನಾನು ಡ್ರಮ್ಮರ್‌ನ ನೋಡ್ತೀನಿ, ಡ್ರಮ್ಮರ್ ಲೀಡನ್ನ, ಲೀಡು ತನ್ ಬೆರಳನ್ನೇ ನೋಡ್ಕೊಂಡಿರ್ತಾನೆ. ಕೊಳಲಿನವನು ಕಣ್ ಮುಚ್ಚಿರ್ತಾನೆ.

ಶ್ರುತಿಪೆಟ್ಟಿಗೆ | ಅಕ್ಟೋಬರ್ 16, ಮಧ್ಯಾಹ್ನ 12:30

ನಾನು ನಿಮ್ಮ ಅಮ್ಮನ ವಯಸ್ಸಿನವಳು ಅನ್ಸುತ್ತೆ, ಮೈಸೂರು, ಸುಗಮ ಸಂಗೀತ ಹಾಡ್ತೀನಿ, ಶಾಲೆ ಮಕ್ಕಳಿಗೆ ಹೇಳ್ಕೊಡ್ತೀನಿ. ಈ ಬ್ಯಾಂಡ್ ಎಲ್ಲ ನಂಗೆ ಗೊತ್ತಿಲ್ಲ, ಹಾಡೋದರ ಬಗ್ಗೆ ಮಾತ್ರ ಎರಡು ಮಾತು.

ಕಚೇರಿಯಲ್ಲಿ ಮೊದಲು ವರ್ಣ ಯಾಕೆ ಹಾಡ್ತಾರೆ ಹೇಳಿ ಮಗು. ಅದು ನಿದ್ದೆಗಣ್ಣಲ್ಲೂ ಬರುತ್ತೆ, ಅಷ್ಟು ಸಾಧನೆ ಆಗಿರುತ್ತೆ, ಅದನ್ನ ಹಾಡೋ ಹೊತ್ತಿಗೆ ಕಂಠ ಬಿಟ್ಕೊಳ್ಳುತ್ತೆ, ಪಕ್ಕವಾದ್ಯ ಕೂಡುತ್ತೆ, ಎದೆ ತನ್ನ ಜಾಗಕ್ಕೆ ಬರುತ್ತೆ. ನೀವು ಮೊದಲನೇ ಹಾಡು ಯಾವುದಿಟ್ಟಿದೀರ? ಜೋರಾಗಿ ಎತ್ತರದಲ್ಲಿ ಶುರು ಆಗೋದನ್ನ ಇಟ್ಟಿರ್ತೀರಿ, ಹೊಸಬರೆಲ್ಲ ಅದೇ ಮಾಡೋದು, ಎಂಟ್ರಿ ಅಂತ. ಬೇಡ. ನಿಮಗೆ ಅತಿ ಸುಲಭದ್ದು, ಮಧ್ಯ ಸ್ಥಾಯಿದು ಮೊದಲು. ಮತ್ತೆ ಎತ್ತರದ ಹಾಡುಗಳ ಶ್ರುತಿನ ಅರ್ಧ ಮನೆ ಇಳಿಸ್ಕೊಳ್ಳಿ, ಹೆದರಿದಾಗ ಗಂಟಲು ಬಿಗಿಯುತ್ತೆ, ಮನೇಲಿ ಮುಟ್ಟೋ ಸ್ವರ ಅಲ್ಲಿ ಮುಟ್ಟಲ್ಲ.

ಉಸಿರು: ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ, ಹೊರಗೆ ಬಿಡೋದು ಉದ್ದ ಇರಬೇಕು, ಎದೆಬಡಿತ ಇಳಿಯೋದು ಅದರಿಂದ. ಬಿಡುವಾಗ ತುಟಿ ಮುಚ್ಚಿ ಸಣ್ಣಗೆ ಮಕಾರ ಹಿಡೀರಿ, ಕಂಠವೂ ಬೆಚ್ಚಗಾಗುತ್ತೆ. ನೀರು ಬಿಸಿಯದ್ದು ಫ್ಲಾಸ್ಕಲ್ಲಿ. ಮಧ್ಯಾಹ್ನ ಊಟ ಬಿಡಬೇಡಿ, ಸಂಜೆ ಹೊಟ್ಟೆ ತುಂಬ ತಿನ್ನಲೂ ಬೇಡಿ.

ಸಾಹಿತ್ಯ ಮರೆಯೋದಕ್ಕೆ ಸ್ಟ್ಯಾಂಡ್ ಇಡಿ. ಪೂರ್ತಿ ಹಾಡು ಬರೀಬೇಡಿ, ಕಣ್ಣು ಅಲ್ಲೇ ಸಿಕ್ಕಿಹಾಕ್ಕೊಳ್ಳುತ್ತೆ. ಪ್ರತಿ ಚರಣದ ಮೊದಲ ಎರಡು ಪದ, ದಪ್ಪ ಅಕ್ಷರದಲ್ಲಿ. ಮೊದಲ ಪದ ಸಿಕ್ಕರೆ ಉಳಿದದ್ದು ತಾನಾಗೇ ಬರುತ್ತೆ.

ಎರಡನೇ_ತಂತಿ | ಅಕ್ಟೋಬರ್ 16, ಮಧ್ಯಾಹ್ನ 1:15

ಮೇಡಂ ಗೌರವ ಇಟ್ಕೊಂಡೇ ಹೇಳ್ತೀನಿ, ಬ್ಯಾಂಡ್‌ನಲ್ಲಿ ನೋಡ್ಕೊಂಡು ಹಾಡಿದ್ರೆ ಅವಮಾನ, ಭಾವಗೀತೆ ಸ್ಪರ್ಧೆ ಥರ ಕಾಣುತ್ತೆ.

ಓದೋ_ಹುಳ | ಅಕ್ಟೋಬರ್ 16, ಮಧ್ಯಾಹ್ನ 1:50

ಬಾರ್ಬ್ರಾ ಸ್ಟ್ರೈಸಾಂಡ್ ಗೊತ್ತಲ್ಲ, ಅಮೆರಿಕದ ದೊಡ್ ಗಾಯಕಿ. 1967ರಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಲ್ಲಿ ಹಾಡ್ತಾ ಸಾಲು ಮರ್ತು, ಆ ಭಯಕ್ಕೆ ಎರಡು ದಶಕಕ್ಕೂ ಜಾಸ್ತಿ ಟಿಕೆಟ್ ಇಟ್ಟು ಕಛೇರಿ ಮಾಡ್ಲೇ ಇಲ್ಲ. ಆಮೇಲೆ ವಾಪಸ್ ಬಂದಾಗ ಮುಂದೆ ಸಾಹಿತ್ಯ ಕಾಣೋ ಟೆಲಿಪ್ರಾಂಪ್ಟರ್ ಇಟ್ಕೊಂಡೇ ಬಂದಿದ್ದು. ಅವ್ರಿಗಿಲ್ಲದ ಅವಮಾನ ನಮಗಾ?

ಇನ್ನೊಂದು, 1969ರ ಆಗಸ್ಟ್‌ನ ವುಡ್‌ಸ್ಟಾಕ್‌ನಲ್ಲಿ ಕ್ರಾಸ್ಬಿ, ಸ್ಟಿಲ್ಸ್, ನ್ಯಾಶ್ ತಂಡಕ್ಕೆ ಅದು ಬರೀ ಎರಡನೇ ಸ್ಟೇಜು. ನಾಲ್ಕು ಲಕ್ಷ ಜನ ಸೇರಿದ್ದ ಜಾಗ. ಹೆದರಿದೀವಿ ಅಂತ ಸ್ಟೀಫನ್ ಸ್ಟಿಲ್ಸ್ ಮೈಕಲ್ಲೇ ಹೇಳ್ಬಿಟ್ರು.

ಹುಬ್ಬಳ್ಳಿ_ಡಬಲ್_ಬೇಸ್ | ಅಕ್ಟೋಬರ್ 16, ಮಧ್ಯಾಹ್ನ 2:05

ಮೈಕಿನ್ಯಾಗ ಹೇಳೋದು ಛಲೋ, ಆದ್ರ ಒಂದ ಸಲ ಹೇಳಿ ಬಿಡ್ರಿ. "ತಪ್ಪಾದ್ರ ಕ್ಷಮಿಸ್ರಿ" ಅಂತ ಪ್ರತಿ ಹಾಡಿಗೂ ಅನ್ನಾವ್ರನ್ನ ಕಂಡ್ರ ಜನ ತಪ್ಪು ಹುಡುಕಾಕ ಕೂಡ್ತಾರ.

ಎಫ್_ಕಾರ್ಡ್_ಬರಲ್ಲ | ಅಕ್ಟೋಬರ್ 26, ರಾತ್ರಿ 10:55

ಅಪ್‌ಡೇಟ್. ಭಾಗವತರು ಸಿಕ್ಕಿದ್ರು, ಬೇಸ್ ನುಡಿಸೋನು. ಅವನಿಗೇ ಕೈ ಸ್ವಲ್ಪ ಫ್ರೀ, ಎಲ್ರನ್ನೂ ನೋಡ್ತಾನೆ, ಜಾಸ್ತಿ ಮಾತಾಡಲ್ಲ. ಅವನು ತಲೆ ಎತ್ತಿದ್ರೆ ಇನ್ನೊಂದ್ ಸಲ ಪಲ್ಲವಿ, ಗಿಟಾರ್ ಕತ್ತು ಇಳಿಸಿದ್ರೆ ಹಾಡು ಮುಗಿಸು. ಇಷ್ಟೇ ಎರಡು ಸನ್ನೆ, ಮೂರನೇದು ಇಟ್ರೆ ಮರ್ತೋಗುತ್ತೆ ಅಂತ ಬಿಟ್ವಿ.

ಕೋಡಂಗಿ ವೇಷನೂ ಆಯ್ತು. ನಿನ್ನೆ ನಮ್ಮ ಅತ್ತೆ ಮನೆ ಅಂಗಳದಲ್ಲಿ ಹದಿನಾಲ್ಕು ಜನರ ಮುಂದೆ, ಡ್ರಮ್ಸ್ ಬದಲು ಕಾಜೋನ್, ಮೇಲೆ ಕೂತು ಕೈಯಲ್ಲಿ ಬಾರಿಸೋ ಮರದ ಪೆಟ್ಟಿಗೆ. ಮೊದಲ್ನೇ ಹಾಡಲ್ಲಿ ಕಾಲು ನಡುಗ್ತಿತ್ತು, ಮೂರನೇ ಹಾಡಿಗೆ ನಿಂತೋಯ್ತು. ಅಂದ್ರೆ ಭಯಕ್ಕೂ ಒಂದು ಟೈಮ್ ಇದೆ, ನಂದು ಹತ್ ನಿಮಿಷದ್ದು. ಬೆನ್ ಮಾಡಿ ನಿಂತು ನುಡಿಸೋದೂ ಮಾಡಿದ್ವಿ, ಭಾಳ ಕಷ್ಟ. ಮೆಟ್ಟಿಲು ಹತ್ತೋದು ಮಾತ್ರ ಒಂದೇ ದಿನ, ಕೆಳಗಡೆ ಅಜ್ಜಿ ಬೈದ್ರು.

ನವೆಂಬರ್ 1ಕ್ಕೆ ಇನ್ನಾರು ದಿನ. ಇವತ್ತು ನಿದ್ದೆ ಬರ್ಬೋದು.

ಎಫ್_ಕಾರ್ಡ್_ಬರಲ್ಲ | ನವೆಂಬರ್ 2, ಬೆಳಿಗ್ಗೆ 11:20

ಮುಗೀತು!! ಗಂಟ್ಲು ಕೂತಿದೆ, ಟೈಪ್ ಮಾಡ್ತೀನಿ.

ಸೌಂಡ್ ಅಣ್ಣ ನೀವು ಶಾಪ ಹಾಕಿದ್ರಾ ಆಶೀರ್ವಾದ ಮಾಡಿದ್ರಾ ಗೊತ್ತಿಲ್ಲ, 7:30 ಅಂದಿದ್ದು ನಾವು ಹತ್ತಿದ್ದು 9:20ಕ್ಕೆ. ಆ ಎರಡು ಗಂಟೆ ಕಾಯೋದಿತ್ತಲ್ಲ ಅದೇ ನರಕ, ಸ್ಟೇಜ್ ಅಲ್ಲ. ಹಿಂದ್ಗಡೆ ಶಾಮಿಯಾನದ ಕಂಬ ಹಿಡ್ಕೊಂಡು ನಾಲ್ಕು ಒಳಗೆ ಎಂಟು ಹೊರಗೆ ಮಾಡ್ತಾ ನಿಂತಿದ್ದೆ, ಒಬ್ರು ಬಂದು ಮೈ ಹುಷಾರಿಲ್ವೇನಪ್ಪ ಅಂತ ಸೋಡಾ ತಂದ್ಕೊಟ್ರು. ಆರು ಹಾಡು ನಾಲ್ಕಾಯ್ತು, ಯಾವ್ ನಾಲ್ಕು ಅಂತ ಮೊದ್ಲೇ ಬರ್ದಿಟ್ಟಿದ್ವಿ.

ಶ್ರುತಿಪೆಟ್ಟಿಗೆ ಮೇಡಂ, ಸುಲಭದ್ದೇ ಮೊದಲು ಹಾಡಿದೆ. ಮೊದಲ್ ಎರಡು ಸಾಲು ಯಾರು ಹಾಡಿದ್ರೋ ನಂಗೆ ಜ್ಞಾಪಕ ಇಲ್ಲ. ಆಮೇಲೆ ಮಾನಿಟರ್‌ನಲ್ಲಿ ನನ್ ವಾಯ್ಸ್ ನಂಗೇ ಕೇಳಿಸ್ತು, ಅಲ್ಲಿಂದ ಉಸಿರು ಬಂತು.

ಎರಡನೇ ಹಾಡಲ್ಲಿ ಲೀಡ್ ತಂತಿ ಕಟ್ ಆಯ್ತು. ಟಣ್ ಅಂತು. ಅವನ ಮುಖ ನೋಡ್ಬೇಕಿತ್ತು. ಕೊಳಲಿನವನು ಯಾರೂ ಹೇಳದೇ ಆ ಬಿಟ್ ಎತ್ಕೊಂಡು ನುಡಿಸ್ಬಿಟ್ಟ, ನಾವು ಪ್ರಾಕ್ಟೀಸಲ್ಲಿ ಅವನನ್ನ ನಿಲ್ಲಿಸಿ ಇವನು, ಇವನನ್ನ ನಿಲ್ಲಿಸಿ ಅವನು ಅಂತ ಆಡಿದ್ದು ಅಲ್ಲಿ ಕೆಲ್ಸಕ್ಕೆ ಬಂತು. ಮೂರನೇದು ನಮ್ದೇ ಹಾಡು, ಅದ್ರಲ್ಲಿ ನಂಗೆ ಎರಡನೇ ಚರಣ ಹೋಯ್ತು. ಸ್ಟ್ಯಾಂಡ್ ಇತ್ತು, ಆದ್ರೆ ಗಾಳಿಗೆ ಹಾಳೆ ಮಗುಚಿಕೊಂಡಿತ್ತು (ಕ್ಲಿಪ್ ತಗೊಂಡೋಗಿ ಯಾರೇ ಆಗ್ಲಿ). ಬೇಸ್‌ನವನ ಕಡೆ ತಿರುಗಿದೆ, ಅವನು ತಲೆ ಎತ್ತಿದ, ನಾನು ಮೊದಲ್ನೇ ಚರಣನೇ ಇನ್ನೊಂದ್ ಸಲ ಹಾಡಿ ಪಲ್ಲವಿಗೆ ಬಂದೆ. ಜನ ಚಪ್ಪಾಳೆ ಹೊಡೆದ್ರು, ಅದು ನಮ್ ಸ್ವಂತ ಹಾಡು, ಎರಡನೇ ಚರಣ ಇದೆ ಅಂತ ಅವ್ರಿಗೆ ಹೆಂಗ್ ಗೊತ್ತಾಗ್ಬೇಕು!

ಇಳಿದು ಬಂದಾಗ ಮೇಷ್ಟ್ರು ಕೈ ಹಿಡ್ಕೊಂಡ್ರು. ಚರಣ ಎರಡ್ ಸಲ ಬಂತಲ್ಲೋ ಅಂತಾರೆ ಅಂದ್ಕೊಂಡೆ. ಅವ್ರು "ಎಲ್ಲಾ ಸರಿ, ಹಕಾರ ಎಲ್ಲಪ್ಪ ಹೋಯ್ತು? 'ಅಸಿರು' ಅಂದ್ರೆ ಯಾವ ಬಣ್ಣ?" ಅಂದ್ರು. ಒಂಬತ್ತನೇ ಕ್ಲಾಸಲ್ಲೂ ಇದನ್ನೇ ಕೇಳಿದ್ರು.

ಅಪ್ಪ ಏನೂ ಹೇಳ್ಲಿಲ್ಲ. ಬೆಳಿಗ್ಗೆ ಎದ್ದಾಗ ಆಂಪ್‌ನ ಕೇಬಲ್ ಎಲ್ಲಾ ನೀಟಾಗಿ ಸುತ್ತಿಟ್ಟಿತ್ತು, ನಾನಲ್ಲ ಸುತ್ತಿದ್ದು.

ಕರಾವಳಿ_ಕಾಪಿ | ನವೆಂಬರ್ 2, ಮಧ್ಯಾಹ್ನ 12:05

ಭಾಗವತರಿಗೆ ನನ್ನದೊಂದು ನಮಸ್ಕಾರ ಹೇಳಿ.

ಸೌಂಡ್_ಬಾಕ್ಸ್_ಅಣ್ಣ | ನವೆಂಬರ್ 2, ಮಧ್ಯಾಹ್ನ 1:30

ವಿಡಿಯೋ ಹಾಕಿ.

ಎಫ್_ಕಾರ್ಡ್_ಬರಲ್ಲ | ನವೆಂಬರ್ 2, ಮಧ್ಯಾಹ್ನ 1:41

ಡ್ರಮ್ಮರ್ ತಮ್ಮ ತೆಗ್ದಿದ್ದ ಅಣ್ಣ. ಇಪ್ಪತ್ತು ನಿಮಿಷ ಪೂರ್ತಿ ಕೇಸರಿಬಾತ್ ಕೌಂಟರ್ ರೆಕಾರ್ಡ್ ಆಗಿದೆ, ಹಿಂದೆ ಎಲ್ಲೋ ನಾವು ಕೇಳ್ತೀವಿ. ಟೆಂಪೊ ನೋಡಿದ್ವಿ, 96ರ ಹಾಡು 101. ಹುಬ್ಬಳ್ಳಿಯವ್ರಿಗೆ ತಿಳಿಸಿ.

ಆಮೇಲೆ ಇನ್ನೊಂದು. ಕಮಿಟಿಯವ್ರೊಬ್ರು ಡಿಸೆಂಬರ್‌ನಲ್ಲಿ ಮಗಳ ರಿಸೆಪ್ಷನ್‌ಗೆ ಎರಡು ಗಂಟೆ ನುಡಿಸ್ತೀರಾ ಅಂತ ಕೇಳಿದಾರೆ. ನಮ್ ಹತ್ರ ಇರೋದೇ ಆರು ಹಾಡು.

ಒಂದೂವರೆ_ತಾಳ | ನವೆಂಬರ್ 2, ಮಧ್ಯಾಹ್ನ 1:44

ಪ್ರತಿ ಚರಣ ಎರಡೆರಡು ಸಲ ಹಾಡು ಮಗಾ.